ಕರೆಯದೆ ಬಂದ ಒಕ್ಕಲು

ಮಾಗಿದ ಹಣ್ಣನ್ನು ಸುಮ್ನೆ ತೆರೆದಿಟ್ಟರೆ ಸಾಕು, ಎಲ್ಲಿಂದಲೋ ಹಣ್ಣಿನ ನೊಣ ಹಾಜರು. ಕೈ ಬೀಸಿ ಓಡಿಸುವಾಗ ನನಗೆ ಸ್ವಲ್ಪ ನಗು ಬರುತ್ತದೆ. ಮೂರು ಮಿಲಿಮೀಟರಿನ ಈ ಪ್ರಾಣಿಯ ಒಳಗೂ ಕರೆಯದೆ ಬಂದು ಕೂತವುಗಳ ದಂಡೇ ಇದೆ.

ಟ್ರಾನ್ಸ್‌ಪೋಸಾನ್‌ಗಳು ಅಂತ. ಡಿಎನ್‌ಎ ತುಣುಕುಗಳೇ, ಆದರೆ ಇದ್ದಲ್ಲಿ ಇರುವ ಜಾಯಮಾನದವಲ್ಲ. ಕೆಲವು ಎದ್ದು ಬೇರೆಡೆ ಹೋಗಿ ಕೂರುತ್ತವೆ. ಕೆಲವು ತಾವು ಕದಲದೆ ನಕಲನ್ನು ಕಳಿಸುತ್ತವೆ. ನೊಣದ ಜೀನೋಮಿನಲ್ಲಿ, ಅಂದರೆ ಅದರ ಒಟ್ಟು ಡಿಎನ್‌ಎಯಲ್ಲಿ, ಹತ್ತಿರಹತ್ತಿರ ಐದರಲ್ಲೊಂದು ಪಾಲು ಇವುಗಳದ್ದೇ. ಹೆಸರಿಟ್ಟವರಿಗೂ ತಮಾಷೆ ಜಾಸ್ತಿ: ಹೋಬೋ, ಜಾಕಿ, ಪೋಗೋ, ಡಾಕ್!

ಈ ಡಾಕ್ ಸಾಮಾನ್ಯದ್ದಲ್ಲ. 1910ರಲ್ಲಿ ವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ ಅವರಿಗೆ ಕೆಂಪು ಕಣ್ಣಿನ ನೊಣಗಳ ನಡುವೆ ಒಂದು ಬಿಳಿ ಕಣ್ಣಿನದು ಸಿಕ್ಕಿತಲ್ಲ, ತಳಿಶಾಸ್ತ್ರಕ್ಕೇ ಹೊಸ ದಾರಿ ತೋರಿದ ನೊಣ? ಕಣ್ಣಿನ ಬಣ್ಣದ ಜೀನಿನಲ್ಲಿ ಡಾಕ್ ಹೋಗಿ ಕೂತದ್ದೇ ಕಾರಣ ಎಂದು ಗೊತ್ತಾಗಿದ್ದು ಎಷ್ಟೋ ದಶಕಗಳ ಮೇಲೆ.

ಬಣ್ಣ ಹೋದರೆ ನೊಣ ಬದುಕೀತು. ಬದುಕಿಗೆ ಬೇಕೇಬೇಕಾದ ಜೀನ್ ಕೆಟ್ಟರೆ ನೊಣವೂ ಇಲ್ಲ, ಒಳಗೆ ಕೂತದ್ದೂ ಇಲ್ಲ. ಹಾಗಾಗಿ ಜೀನ್‌ಗಳು ಒತ್ತೊತ್ತಾಗಿರುವ ಕಡೆ ಇವುಗಳ ಸಂಖ್ಯೆ ಕಡಿಮೆ. ಡಿಎನ್‌ಎಯನ್ನು ಸುತ್ತಿಟ್ಟುಕೊಂಡ ಎಳೆಯಾದ ಕ್ರೋಮೋಸೋಮಿನ ನಡುಗಂಟಾದ ಸೆಂಟ್ರೊಮಿಯರ್‌ನ ಸುತ್ತ ನೋಡಬೇಕು! ಅಲ್ಲಿ ಜೀನ್‌ಗಳು ವಿರಳ, ಕೇಳುವವರಿಲ್ಲ. ಹಳೆಯದರ ಹೊಟ್ಟೆಯೊಳಗೆ ಹೊಸದು, ಅದರೊಳಗೆ ಇನ್ನೊಂದು. ಬಹಳಷ್ಟು ಮುರಿದು ಮೂಲೆಗೆ ಬಿದ್ದವು.

ಹಾಗಂತ ಅದನ್ನು ಕಸ ಅನ್ನಲು ನನಗೆ ಮನಸ್ಸಿಲ್ಲ. ಎಕ್ಸ್ ಕ್ರೋಮೋಸೋಮಿನಲ್ಲಿ ಫ್ಲೆಮೆಂಕೊ ಎಂಬ ಜಾಗವಿದೆ. ಅಲ್ಲಿ ರಾಶಿ ಬಿದ್ದಿರುವುದೆಲ್ಲ ಇಂಥ ಮುರುಕು ಚೂರುಗಳೇ. ಅವುಗಳಿಂದ ತಯಾರಾಗುವ ಪುಟ್ಟ ಆರ್‌ಎನ್‌ಎಗಳು ತಮ್ಮದೇ ಕುಲದ ಜೀವಂತ ಟ್ರಾನ್ಸ್‌ಪೋಸಾನ್‌ಗಳನ್ನು ಗುರುತು ಹಿಡಿದು ಬಾಯಿ ಮುಚ್ಚಿಸುತ್ತವೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವುದು, ಅಲ್ವಾ?

ಇನ್ನು ತುದಿಗಳ ಕಥೆ. ಪ್ರತಿ ಸಲ ನಕಲಾಗುವಾಗಲೂ ಕ್ರೋಮೋಸೋಮಿನ ತುದಿ ತುಸು ಸವೆಯುತ್ತದೆ. ನಮ್ಮಲ್ಲಿ ಅದನ್ನು ತುಂಬಿಕೊಡಲು ಟೆಲೊಮರೇಸ್ ಎಂಬ ಕಿಣ್ವವಿದೆ. ನೊಣದ ಕುಲ ಅದನ್ನು ಎಂದೋ ಕಳೆದುಕೊಂಡಿದೆ. ಅದರ ಬದಲು ಹೆಟ್-ಎ, ಟಾರ್ಟ್, ಟಾಹ್ರೆ ಎಂಬ ಮೂರು ಟ್ರಾನ್ಸ್‌ಪೋಸಾನ್‌ಗಳ ನಕಲುಗಳು ತುದಿಗೇ ಹೋಗಿ ಅಂಟಿಕೊಳ್ಳುತ್ತವೆ. ಸವೆದಷ್ಟೂ ಬೆಳೆಸುತ್ತವೆ. ಬಾಡಿಗೆ ಕೇಳುವ ಮಾತು ಹಾಗಿರಲಿ, ಈ ಮೂರು ಒಕ್ಕಲು ಖಾಲಿ ಮಾಡಿದರೆ ಮನೆಯೇ ಅಂಚಿನಿಂದ ಕರಗುತ್ತ ಬಂದೀತು.