ಅಪ್ಪನಿಗೆ ಆಗಿದ್ದು ಹೊಟ್ಟೆ ಹುಣ್ಣಲ್ಲ

ಮೊನ್ನೆ ಆಲೂರಿನ ಮನೆಯಲ್ಲಿ ಅಪ್ಪನ ತಿಥಿ. ಊಟ ಮುಗಿಸಿ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತಿದ್ದಾಗ ನೆಂಟರೊಬ್ಬರು ಕೇಳಿದರು, "ನಿಮ್ಮಪ್ಪನಿಗೆ ಏನಾಗಿತ್ತಪ್ಪಾ?" ನಾನು ಬಾಯಿ ಬಿಡೋ ಮೊದಲೇ ಸೋದರತ್ತೆ ಹೇಳಿಬಿಟ್ಟರು, "ಹೊಟ್ಟೆ ಹುಣ್ಣು."

ಇಪ್ಪತ್ತು ವರ್ಷದಿಂದ ಇದೇ ಉತ್ತರ. ಅಕ್ಕನ ಮದುವೆಗೆ ಅಡ್ಡಿ ಆಗಬಾರದು ಅಂತ ಹುಟ್ಟಿದ ಸುಳ್ಳು. ಅಕ್ಕನ ಮಗನೇ ಈಗ ಪಿಯುಸಿ!

ಅಪ್ಪನಿಗೆ ಆಗಿದ್ದು ದೊಡ್ಡ ಕರುಳಿನ ಕ್ಯಾನ್ಸರ್. ಗೊತ್ತಾದಾಗ ಅವರಿಗೆ 48. ಅದಕ್ಕೂ ಮುಂಚೆ ಎಂಟು ತಿಂಗಳು ಮಲದಲ್ಲಿ ರಕ್ತ ಹೋಗುತ್ತಿತ್ತು. ಮೂಲವ್ಯಾಧಿ ಅಂದುಕೊಂಡು ಮುಲಾಮು ಹಚ್ಚಿಕೊಂಡು ಕಾಲ ತಳ್ಳಿದರು.

ಹೋದ ವರ್ಷ ಗ್ಯಾಸ್ ಅಂತ ಹಾಸನದಲ್ಲಿ ಡಾಕ್ಟರ ಹತ್ತಿರ ಹೋಗಿದ್ದೆ. "ಮನೇಲಿ ಯಾರಿಗಾದ್ರೂ ಕ್ಯಾನ್ಸರ್ ಇತ್ತಾ?" ಅಂದರು. ಬಾಯಿಪಾಠ ಆಗಿತ್ತಲ್ಲ, ಇಲ್ಲ ಅಂದೆ. ಬಾಗಿಲ ತನಕ ಹೋದವನು ಏನನ್ನಿಸಿತೋ, ವಾಪಸ್ ಬಂದು ನಿಜ ಹೇಳಿದೆ. ಅವರು ಚೀಟಿಯ ಮೂಲೆಯಲ್ಲಿ 48 ಬರೆದು, ಹತ್ತು ಕಳೆದು, 38ರ ಸುತ್ತ ಒಂದು ಸೊನ್ನೆ ಸುತ್ತಿದರು. "ನಿಮಗೆಷ್ಟು?" 39. ಗ್ಯಾಸ್ ವಿಷಯ ಅಲ್ಲಿಗೇ ಬಿಟ್ಟು ಕೊಲೊನೋಸ್ಕೋಪಿಗೆ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರೋ ಕೊಳವೆ ಹಾಕಿ ದೊಡ್ಡ ಕರುಳನ್ನು ನೋಡೋ ಪರೀಕ್ಷೆಗೆ, ಬರೆದುಕೊಟ್ಟರು.

ಲೆಕ್ಕ ಇಷ್ಟೇ. ಹೆತ್ತವರು, ಒಡಹುಟ್ಟಿದವರು, ಮಕ್ಕಳು, ಇವರಲ್ಲಿ ಒಬ್ಬರಿಗೆ 60ರ ಒಳಗೆ ಈ ಕ್ಯಾನ್ಸರ್ ಬಂದಿದ್ದರೆ ನಮಗೆ 40ಕ್ಕೆ, ಇಲ್ಲವೇ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ. ಆಮೇಲೆ ಐದು ವರ್ಷಕ್ಕೊಮ್ಮೆ. ತೀರಿಕೊಂಡ ವಯಸ್ಸಲ್ಲ, ಕಾಯಿಲೆ ಗೊತ್ತಾದ ವಯಸ್ಸು. ಒಂದೇ ಮನೆತನದಲ್ಲಿ ಹಲವರಿಗೆ ಕರುಳಿನದ್ದು, ಗರ್ಭಕೋಶದ್ದು ಬಂದಿದ್ದರೆ ಅದು ಲಿಂಚ್ ಸಿಂಡ್ರೋಮ್ ಅನ್ನೋ, ವಂಶದಲ್ಲಿ ಹರಿದು ಬರೋ ಜೀನ್ ದೋಷ ಇರಬಹುದು. ಅವರಿಗೆ ಜೀನ್ ಪರೀಕ್ಷೆ ಬೇಕು. ಅದು ಇದೆ ಅಂತಾದರೆ ಸಾಮಾನ್ಯವಾಗಿ ಇಪ್ಪತ್ತು, ಇಪ್ಪತ್ತೈದಕ್ಕೇ ಕೊಲೊನೋಸ್ಕೋಪಿ ಶುರು. ಮಲದಲ್ಲಿ ರಕ್ತ, ಕಾರಣ ಗೊತ್ತಾಗದ ರಕ್ತಹೀನತೆ ಇದ್ದರಂತೂ ವಯಸ್ಸಿನ ಲೆಕ್ಕ ಹಾಕುತ್ತಾ ಕೂರಬೇಡಿ.

ಪರೀಕ್ಷೆ ಕಷ್ಟ ಅಲ್ಲ, ಹಿಂದಿನ ರಾತ್ರಿ ಕಷ್ಟ. ಪುಡಿ ಕಲಸಿದ ಉಪ್ಪುಪ್ಪು ನೀರು ಚೊಂಬುಗಟ್ಟಲೆ ಕುಡಿದು, ಕಕ್ಕಸಿಗೂ ಮಂಚಕ್ಕೂ ಓಡಾಟ. ನನಗೆ ಸಿಕ್ಕಿದ್ದು ಒಂದು ಪಾಲಿಪ್, ಅಂದರೆ ಕರುಳಿನ ಒಳಗೋಡೆಯಲ್ಲಿ ಬೆಳೆದ ಗಂಟು, ಕಡಲೆಕಾಳಿನಷ್ಟು. ತಂತಿಯ ಕುಣಿಕೆ ಹಾಕಿ ಅಲ್ಲೇ ತೆಗೆದರು. ಇಂಥದ್ದು ಕ್ಯಾನ್ಸರ್ ಆಗುವುದಾದರೆ ಸಾಮಾನ್ಯವಾಗಿ ಹತ್ತು ವರ್ಷವಾದರೂ ಹಿಡಿಯುತ್ತದಂತೆ. ನಮ್ಮ ಮನೆಯವರು ಸುಮ್ನೆ ಮುಚ್ಚಿಟ್ಟು ಕಳೆದಿದ್ದು ಅದರ ಎರಡರಷ್ಟು.

ಅಕ್ಕನಿಗೆ ಈಗ 43. "ನಂಗೇನೂ ಆಗಿಲ್ಲ, ಸುಮ್ನಿರೋ" ಅನ್ನುತ್ತಿದ್ದಳು. ತಿಥಿಯ ದಿನ ಹಿತ್ತಲಲ್ಲಿ ಕೂರಿಸಿಕೊಂಡು ನನ್ನ ರಿಪೋರ್ಟಿನ ಫೋಟೋ ತೋರಿಸಿದೆ. ಮುಂದಿನ ವಾರ ಹಾಸನಕ್ಕೆ ಬರುತ್ತಾಳಂತೆ. ಬಸ್ ಹತ್ತುವಾಗ ಮೆಲ್ಲಗೆ ಹೇಳಿದಳು, "ನಮ್ಮತ್ತೆ ಫೋನ್ ಮಾಡಿದ್ರೆ ಗ್ಯಾಸ್ಟ್ರಿಕ್ ಅನ್ನು ಕಣೋ."