ಅಕ್ಕನ ಮಗಳು, ಎಂಟನೇ ಒಂದು

ಅಮೆರಿಕದ ಒಂದು ಕಾಲೇಜಿನಲ್ಲಿ ಮೊದಲ ಹಂತದ ತಳಿಶಾಸ್ತ್ರದ ವಿದ್ಯಾರ್ಥಿಗಳಿಗೆ ಲೆಕ್ಕ ಬಿಡಿಸುವುದನ್ನು ಹೇಳಿಕೊಡುವುದು ನನ್ನ ಕೆಲಸ. ಇಲ್ಲಿ ಪಾಠವು ಡಿಎನ್‌ಎಯಿಂದ ಆರಂಭವಾಗಿ, ಮೆಂಡೆಲನ ಬಟಾಣಿಯನ್ನು ಹಾದು, ಸೆಮಿಸ್ಟರಿನ ಕೊನೆಗೆ ಜನಸಮುದಾಯಗಳ ವಿಕಾಸವನ್ನು ತಲುಪುತ್ತದೆ. ನನಗಿಂತ ಮೊದಲು ಈ ಕೆಲಸದಲ್ಲಿದ್ದವರು ಬಿಟ್ಟುಹೋದ ಪ್ರಶ್ನೆಗಳ ಹಾಳೆಯಲ್ಲಿ ಹೀಗೊಂದು ಲೆಕ್ಕವಿತ್ತು: ‘ದಕ್ಷಿಣ ಭಾರತದಲ್ಲಿ ಒಬ್ಬಾತ ತನ್ನ ಅಕ್ಕನ ಮಗಳನ್ನು ಮದುವೆಯಾಗಿದ್ದಾನೆ. ಅವರ ಮಗುವಿನ ಅಂತಃಸಂತಾನ ಗುಣಾಂಕವೆಷ್ಟು?’ ಮಗುವಿನ ಒಂದು ವಂಶವಾಹಿಯ ಎರಡೂ ಪ್ರತಿಗಳು ಒಬ್ಬರೇ ಪೂರ್ವಜರ ಒಂದೇ ಪ್ರತಿಯಿಂದ ಬಂದಿರುವ ಸಂಭವವೇ ಈ ಗುಣಾಂಕ. ಇಂಥ ಮದುವೆಗಳು ನಿಜವಾಗಿಯೂ ನಡೆಯುತ್ತವೆಯೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ನಮ್ಮ ಅಜ್ಜಿಯನ್ನು ಅವರ ಸೋದರಮಾವನಿಗೇ ಕೊಟ್ಟದ್ದು ಎಂದೆ. ತರಗತಿ ಗಪ್‌ಚಿಪ್ಪಾಯಿತು. ಅದನ್ನು ನಾನು ಸಹಿಸಿಕೊಳ್ಳಬಲ್ಲೆ. ಆದರೆ ಕರ್ನಾಟಕದಲ್ಲೇ ಈ ವಿಷಯವನ್ನು ಓದಿ ಪದವಿ ಪಡೆದ ನನ್ನಿಂದ ಈ ಲೆಕ್ಕವನ್ನು ಅಲ್ಲಿ ಯಾರೂ ಒಮ್ಮೆಯೂ ಮಾಡಿಸಿರಲಿಲ್ಲ ಎಂಬುದು ಅಂದಿನಿಂದ ಮನಸ್ಸನ್ನು ಕೊರೆಯುತ್ತಿದೆ.

ಲೆಕ್ಕವೇನೂ ಕಠಿಣವಲ್ಲ. ಹುಡುಗಿಯ ಅಜ್ಜ, ಅಜ್ಜಿಯರೇ ಹುಡುಗನ ತಂದೆ, ತಾಯಿ. ಮಗುವಿನಿಂದ ಹೊರಟು, ಅಪ್ಪನ ಮೂಲಕ ಅಜ್ಜನನ್ನು ಮುಟ್ಟಿ, ಅಕ್ಕನ ಮೂಲಕ ಇಳಿದು, ಅಮ್ಮನನ್ನು ಹಾದು ಮತ್ತೆ ಮಗುವಿಗೆ ಬಂದರೆ ದಾರಿಯಲ್ಲಿ ನಾಲ್ವರು ಸಿಗುತ್ತಾರೆ. ಅರ್ಧವನ್ನು ನಾಲ್ಕು ಬಾರಿ ಗುಣಿಸಿದರೆ ಹದಿನಾರನೇ ಒಂದು. ಅಜ್ಜಿಯ ಮೂಲಕವೂ ಇಷ್ಟೇ ಆಗುವುದರಿಂದ ಎರಡನ್ನೂ ಕೂಡಿದರೆ ಎಂಟನೇ ಒಂದು. ಮಾವನ ಮಗಳನ್ನೋ ಅತ್ತೆಯ ಮಗಳನ್ನೋ ತಂದುಕೊಂಡಿದ್ದರೆ ಅದು ಹದಿನಾರನೇ ಒಂದು. ಇದರ ಪರಿಣಾಮ ತಿಳಿಯಬೇಕಾದರೆ, ಒಂದು ವಂಶವಾಹಿಯ ನೂರು ಪ್ರತಿಗಳಲ್ಲಿ ಒಂದರಷ್ಟು ಅಪರೂಪವಾಗಿರುವ, ಎರಡೂ ಪ್ರತಿಗಳಲ್ಲಿದ್ದರೆ ಮಾತ್ರ ಕಾಯಿಲೆ ತರುವ ಒಂದು ಸುಪ್ತ ದೋಷವನ್ನು ಗಮನಿಸಬೇಕು: ಸಂಬಂಧವಿಲ್ಲದವರ ಮದುವೆಗಳಲ್ಲಿ 10,000 ಮಕ್ಕಳಿಗೆ ಒಬ್ಬರಲ್ಲಿ ಕಾಣಿಸಿಕೊಳ್ಳುವ ಆ ಕಾಯಿಲೆ, ಸೋದರಮಾವನನ್ನು ಮದುವೆಯಾದವರ ಮಕ್ಕಳಲ್ಲಿ 10,000ಕ್ಕೆ ಸುಮಾರು 13 ಮಂದಿಗೆ ಬರಬಹುದು.

ಕರ್ನಾಟಕದ ನಮ್ಮ ಕಾಲೇಜಿನಲ್ಲಿ ವಂಶವೃಕ್ಷವೆಂದರೆ ವಿಕ್ಟೋರಿಯಾ ರಾಣಿಯ ಮನೆತನದ ಹಿಮೋಫಿಲಿಯಾ. ಚೌಕ, ವೃತ್ತಗಳನ್ನು ಸ್ಕೇಲಿಟ್ಟು ಬರೆದು, ರೋಗವಿದ್ದವರಿಗೆ ಪೆನ್ಸಿಲಿನಲ್ಲಿ ಕಪ್ಪು ತುಂಬಿ, ಯುರೋಪಿನ ಯಾವ ರಾಜಕುಮಾರನಿಗೆ ರಕ್ತ ಹೆಪ್ಪುಗಟ್ಟುತ್ತಿರಲಿಲ್ಲ ಎಂಬುದನ್ನು ಬಾಯಿಪಾಠ ಮಾಡಿದ್ದೆವು. ಜನಸಮುದಾಯದ ತಳಿಶಾಸ್ತ್ರ ಕೊನೆಯ ಘಟಕವಾಗಿದ್ದು, ಹಾರ್ಡಿ ಮತ್ತು ವೈನ್‌ಬರ್ಗ್ 1908ರಲ್ಲಿ ಬೇರೆಬೇರೆಯಾಗಿ ಕಂಡುಕೊಂಡ, ಒಂದು ವಂಶವಾಹಿಯ ರೂಪಗಳ ಪ್ರಮಾಣದಿಂದ ಜನರಲ್ಲಿ ಅವುಗಳ ಜೋಡಿಗಳ ಪ್ರಮಾಣವನ್ನು ಹೇಳುವ ಸೂತ್ರ ಐದು ಅಂಕದ ಟಿಪ್ಪಣಿಯಾಗಿ ಮುಗಿದುಹೋಗುತ್ತಿತ್ತು. ಆ ಸೂತ್ರಕ್ಕೆ ಮೊದಲ ಷರತ್ತೇ ಮದುವೆಗಳು ಸಂಬಂಧ ನೋಡದೆ ಎಲ್ಲರೊಳಗೂ ನಡೆಯುತ್ತವೆ ಎಂಬುದು. ಕುಲ, ಗೋತ್ರ, ಬಳಿ, ಬೆಡಗುಗಳನ್ನು ವಿಚಾರಿಸದೆ ಜಾತಕವನ್ನೂ ಬಿಚ್ಚದ ಮನೆಗಳಿಂದ ಬಂದಿದ್ದ ನಾವು ಆ ಷರತ್ತನ್ನು ಬರೆದುಕೊಂಡೆವು, ಯಾರೊಬ್ಬರೂ ನಗಲಿಲ್ಲ.

ನಮ್ಮಲ್ಲಿ ಉದಾಹರಣೆಗಳಿರಲಿಲ್ಲವೆಂದು ಹೇಳುವಂತಿಲ್ಲ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ರಕ್ತ ಪರೀಕ್ಷಿಸಿ, ತಂದೆತಾಯಿಯರ ಸಂಬಂಧವನ್ನೂ ಕೇಳಿ ಬರೆದುಕೊಂಡ ದೊಡ್ಡ ಅಧ್ಯಯನವೊಂದು ನಡೆಯಿತು; ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಆ ತಂಡದಲ್ಲಿದ್ದರು. ಸುಮಾರು ಮೂರನೇ ಒಂದು ಭಾಗದಷ್ಟು ಮದುವೆಗಳು ಸಂಬಂಧದೊಳಗೇ ಆದವೆಂದು ಅದರಲ್ಲಿ ಕಂಡುಬಂತು. ಜಗತ್ತಿನ ತಳಿವಿಜ್ಞಾನಿಗಳು ಇಂದಿಗೂ ಉಲ್ಲೇಖಿಸುವ ಅಂಕಿಅಂಶಗಳು ನಮ್ಮದೇ ಹೆರಿಗೆ ವಾರ್ಡುಗಳಿಂದ ಹೊರಟಿದ್ದವು. ನಮ್ಮ ತರಗತಿಗೆ ಮಾತ್ರ ಬರಲಿಲ್ಲ.

ಗೋತ್ರದ ಮಾತೂ ಹಾಗೆಯೇ. ಗೋತ್ರ ಅಪ್ಪನಿಂದ ಮಗನಿಗೆ, ವೈ ಕ್ರೋಮೊಸೋಮ್ ಹೋದ ದಾರಿಯಲ್ಲೇ ಹೋಗುತ್ತದೆ. ಏಳೆಂಟು ತಲೆಮಾರಿನಾಚೆ ಎಲ್ಲೋ ಒಂದಾಗಿರಬಹುದಾದ ಸಗೋತ್ರದ ಹುಡುಗಿಯನ್ನು ಬೇಡವೆನ್ನುವ ನಮ್ಮ ಹಿರಿಯರು, ಅಕ್ಕನ ಮಗಳ ಗೋತ್ರ ಬೇರೆಯಾದದ್ದರಿಂದ ನಿಶ್ಚಿಂತೆಯಿಂದ ತಾಂಬೂಲ ಬದಲಾಯಿಸುತ್ತಾರೆ. ಉಳಿದ ಇಪ್ಪತ್ತೆರಡು ಜೋಡಿ ಕ್ರೋಮೊಸೋಮುಗಳು ಗೋತ್ರವನ್ನು ಕೇಳುವುದಿಲ್ಲ. ಇದನ್ನು ಹತ್ತು ನಿಮಿಷ ಹೇಳಿದ್ದರೆ ಲಿಂಗ ಕ್ರೋಮೊಸೋಮುಗಳ ಪಾಠವನ್ನು ನಾವು ಜನ್ಮದಲ್ಲಿ ಮರೆಯುತ್ತಿರಲಿಲ್ಲ. ಜಾತಿಯೊಳಗೇ ಕೊಟ್ಟು ತರುವುದರ ಪರಿಣಾಮವೂ ಪಾಠದಲ್ಲಿ ಬರಲಿಲ್ಲ. ವೈಶ್ಯ ಸಮುದಾಯದ ಕೆಲವರಿಗೆ ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯುಗಳನ್ನು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಕೊಟ್ಟರೆ, ಅದನ್ನು ಕರಗಿಸುವ ಕಿಣ್ವದ ಕೊರತೆಯಿಂದಾಗಿ ಸ್ನಾಯುಗಳು ಬಹಳ ಹೊತ್ತು ಚೇತರಿಸಿಕೊಳ್ಳುವುದಿಲ್ಲ. ದಕ್ಷಿಣ ಏಷ್ಯಾದ 263 ಸಮುದಾಯಗಳನ್ನು ಪರಿಶೀಲಿಸಿದ 2017ರ ಸಂಶೋಧನೆಯೊಂದು, ಅವುಗಳಲ್ಲಿ 81 ಸಮುದಾಯಗಳು ಬೆರಳೆಣಿಕೆಯ ಪೂರ್ವಜರಿಂದ ಬೆಳೆದುಬಂದ ಗುರುತನ್ನು, ಇದಕ್ಕೇ ಹೆಸರಾದ ಫಿನ್ಲೆಂಡಿನವರಿಗಿಂತ, ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳಿಗಿಂತ ಗಾಢವಾಗಿ ಹೊತ್ತಿವೆ ಎಂದಿತು. ಅಮೆರಿಕದ ಯಹೂದಿ ಸಮುದಾಯಗಳು ಎಳೆಯ ಮಕ್ಕಳ ನರಮಂಡಲವನ್ನು ಹಾಳುಮಾಡುವ ಟೇ-ಸ್ಯಾಕ್ಸ್ ರೋಗದ ವಾಹಕರನ್ನು ರಕ್ತಪರೀಕ್ಷೆಯಿಂದ ಗುರುತಿಸುವುದನ್ನು 1970ರ ದಶಕದಲ್ಲೇ ಆರಂಭಿಸಿ, ಆ ರೋಗ ಹೊತ್ತು ಹುಟ್ಟುವ ಮಕ್ಕಳ ಸಂಖ್ಯೆಯನ್ನು ಬಹುವಾಗಿ ತಗ್ಗಿಸಿದವು. ನಮ್ಮಲ್ಲಿ ಈ ಮಾತೆತ್ತಿದರೆ ಮೊದಲು ಕೇಳಿಬರುವುದು ‘ಯಾವ ಜಾತಿಯವರನ್ನು ಹೇಳುತ್ತಿದ್ದೀರಿ’ ಎಂಬ ಪ್ರಶ್ನೆ.

ಇಲ್ಲಿಯವರ ಪಾಠದಲ್ಲೂ ಹುಳುಕಿದೆ ಎಂದು ಒಪ್ಪದೆ ವಿಧಿಯಿಲ್ಲ. ‘ದಕ್ಷಿಣ ಭಾರತದಲ್ಲಿ ಒಬ್ಬಾತ’ ಎಂದು ಬರೆದವರಿಗೆ, 1839ರಲ್ಲಿ ತನ್ನ ಸೋದರಮಾವನ ಮಗಳು ಎಮ್ಮಾಳನ್ನು ಮದುವೆಯಾದ ಚಾರ್ಲ್ಸ್ ಡಾರ್ವಿನ್ ನೆನಪಾಗಲಿಲ್ಲ. ಆತ ತನ್ನ ಮಕ್ಕಳ ಆರೋಗ್ಯದ ಚಿಂತೆಯಿಂದಲೇ, ಗಿಡದ ಹೂವಿಗೆ ಅದರದೇ ಪರಾಗ ಸೇರುವ ಸ್ವಸಂಕರದಿಂದ ಹುಟ್ಟಿದ ಸಸಿಗಳನ್ನು ವರ್ಷಗಟ್ಟಲೆ ಅಳೆದಿದ್ದನೇನೋ ಎಂದು ನನಗೆ ಅನಿಸುವುದುಂಟು. ಮಗಳು ತವರಿನ ಕಣ್ಣಳತೆಯಲ್ಲೇ ಇರಲಿ, ಹೊಲ ಹೋಳಾಗದಿರಲಿ, ಅತ್ತೆಯ ಸ್ಥಾನದಲ್ಲಿ ಅಜ್ಜಿಯೇ ಇದ್ದರೆ ಹುಡುಗಿ ಹೊಟ್ಟೆ ತುಂಬ ಉಂಡಾಳು ಎಂಬ ಲೆಕ್ಕಗಳಿಗೂ ಆ ಹಾಳೆಯಲ್ಲಿ ಜಾಗವಿರಲಿಲ್ಲ. ಅಂಥ ಮದುವೆಗಳ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ ಎಂಬ ಮಾತನ್ನೂ ನಾನೇ ಬಾಯಿಬಿಟ್ಟು ಹೇಳಬೇಕಾಯಿತು.

ನಮ್ಮ ಮೇಷ್ಟರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಅವರೆದುರಿನ ಬೆಂಚುಗಳಲ್ಲಿ ಅಂಥ ಮದುವೆಗಳ ಮಕ್ಕಳು ಎಷ್ಟೋ ಮಂದಿ ಕೂತಿದ್ದರು. ಮನೆಯಲ್ಲಿ ಮಾತು ಬಾರದ ತಮ್ಮನನ್ನೋ ಕಿವಿ ಕೇಳದ ತಂಗಿಯನ್ನೋ ಬಿಟ್ಟು ಬಂದವರೂ ಇದ್ದಿರಬಹುದು. ಅವರ ಮುಂದೆ ಎಂಟನೇ ಒಂದನ್ನು ಬೋರ್ಡಿನ ಮೇಲೆ ಬರೆಯುವುದು, ಎಂದೋ ಯಾವುದೋ ಊರಿನ ಸಂಗತಿಯೆಂಬಂತೆ ಕೇಳುವ ಈ ಮಕ್ಕಳ ಮುಂದೆ ಬರೆದಷ್ಟು ಸುಲಭವಲ್ಲ. ಅವರು ವಿಕ್ಟೋರಿಯಾ ರಾಣಿಯನ್ನು ಆರಿಸಿಕೊಂಡದ್ದರಲ್ಲಿ ಸ್ವಲ್ಪ ದಾಕ್ಷಿಣ್ಯವೂ ಇದ್ದೀತು. ಆದರೂ ಸಾಗರ ತಾಲ್ಲೂಕಿನ ಹಂದಿಗೋಡನ್ನಾದರೂ ಹೇಳಬಹುದಿತ್ತು. ಕೀಲು, ಸೊಂಟಗಳನ್ನು ಸವೆಸಿ ನಡಿಗೆಯನ್ನೇ ಕಸಿಯುವ, 1970ರ ದಶಕದಲ್ಲಿ ಬೆಳಕಿಗೆ ಬಂದ ಆ ಕಾಯಿಲೆಗೆ ಪ್ರಬಲ ವಂಶವಾಹಿಯೊಂದು ಸಾಕು, ತಂದೆತಾಯಿಯರು ಸಂಬಂಧಿಕರಾಗಿರಬೇಕಾಗಿಲ್ಲ; ಆ ಪಾಠದಲ್ಲಿ ಯಾರ ಮದುವೆಯ ಮಾತನ್ನೂ ಎತ್ತಬೇಕಾಗಿರಲಿಲ್ಲ.