ಚೆಕ್ ಬೇಡ, ನೀವೇ ಬನ್ನಿ

ನಿವೃತ್ತರಾದ ದೊಡ್ಡ ಅಧಿಕಾರಿಗಳು ಸಮಾಜಸೇವೆಗೆ ಇಳಿದರೆಂದರೆ ನನಗೆ ಒಳಗೊಳಗೇ ಅಂಜಿಕೆ. ಮೊದಲು ತೀರಿಹೋದ ತಂದೆಯ ಹೆಸರಿನಲ್ಲಿ ಟ್ರಸ್ಟ್, ಆಮೇಲೆ ಲೆಟರ್‌ಹೆಡ್, ಆಮೇಲೆ ಶಾಲು-ಹಾರ. ನಾಲ್ಕು ದಿನ ಕಳೆದರೆ ಗೇಟಿನ ಮೇಲಿನ ಬೋರ್ಡು ಮಾತ್ರ ಉಳಿದಿರುತ್ತದೆ.

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಜನರಲ್ ಮ್ಯಾನೇಜರ್ ಆಗಿದ್ದ ಹಿರಿಯರೊಬ್ಬರು ಟ್ರಸ್ಟನ್ನೂ ಮಾಡಲಿಲ್ಲ, ಶಾಲನ್ನೂ ಹೊದೆಯಲಿಲ್ಲ. ಹೆಸರು ಹಾಕಬೇಡ ಎಂದು ತಾಕೀತು ಮಾಡಿದ್ದಾರೆ. ಹಾಗಾಗಿ ಇಲ್ಲಿ ಬರೀ ಸಾಹೇಬರು. ವಿದ್ಯಾರ್ಥಿನಿಲಯವೊಂದರ ಊಟದ ಹಾಲಿನ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡು ಕೂರುತ್ತಾರೆ. ಅವರ ಸೇವೆ ಎಂದರೆ ಇಷ್ಟೇ: ಮಕ್ಕಳಿಗೆ ಬರಬೇಕಾದ ವಿದ್ಯಾರ್ಥಿವೇತನ ಏಕೆ ಬಂದಿಲ್ಲ ಎಂದು ಪತ್ತೆ ಹಚ್ಚುವುದು.

ಕೇಳಲು ಸಪ್ಪೆ ಕೆಲಸ. ಆದರೆ ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತು ನೋಡಬೇಕು. ಪಿಯುಸಿ ಓದುವ ಹುಡುಗಿಯೊಬ್ಬಳು ಬಂದು, "ಕಾಕಾ, ಈ ವರ್ಷವೂ ಹಣ ಬಂದಿಲ್ಲ" ಎಂದಳು. "ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ, ತಂಗಿ?" ಎಂದರು ಇವರು. ಅವಳಿಗೆ ಗೊತ್ತಿರಲಿಲ್ಲ. ಮೊಬೈಲ್‌ನಲ್ಲಿ ತಪಾಸಣೆ ಮಾಡಿದರೆ, ಅವಳು ಪಾಸ್‌ಬುಕ್ ಹಿಡಿದುಕೊಂಡು ಬಂದ ಬ್ಯಾಂಕೇ ಬೇರೆ, ಆಧಾರ್ ಜೋಡಣೆಯಾದ ಬ್ಯಾಂಕೇ ಬೇರೆ. ಸರ್ಕಾರ ನೇರ ವರ್ಗಾವಣೆ ಮಾಡುವ ಹಣ ಹೋಗುವುದು ಆಧಾರ್ ಜೋಡಣೆಯಾದ ಖಾತೆಗೆ. ಯಾವಾಗಲೋ ಅವ್ವ ತೆರೆಸಿ ಮರೆತುಬಿಟ್ಟ ಖಾತೆಯಲ್ಲಿ ಆ ಹಣ ಕುಳಿತಿತ್ತು.

ಇನ್ನೊಂದು ನಮ್ಮ ಕಡೆಯದೇ ಆದ ತೊಡಕು ಅಡ್ಡಹೆಸರಿನದು. ಅಂಕಪಟ್ಟಿಯಲ್ಲಿ ಅದು ಮುಂದೆ, ಆಧಾರ್‌ನಲ್ಲಿ ಹಿಂದೆ, ಜಾತಿ ಪ್ರಮಾಣಪತ್ರದಲ್ಲಿ ಇಲ್ಲವೇ ಇಲ್ಲ. ಹುಡುಗ ಒಬ್ಬನೇ, ಕಂಪ್ಯೂಟರಿನ ಲೆಕ್ಕದಲ್ಲಿ ಮೂವರು. ಸಾಹೇಬರ ಉದ್ದನೆಯ ರಿಜಿಸ್ಟರಿನಲ್ಲಿ ಹೆಸರು, ಜಾತಿ-ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ, ಬ್ಯಾಂಕು, ಅರ್ಜಿ ನಿಂತಿರುವ ಜಾಗ ಎಂದು ಕಾಲಂಗಳಿವೆ. ಬಾಕಿ ಇರುವುದೆಲ್ಲ ಕೆಂಪು ಶಾಯಿಯಲ್ಲಿ. ಫೌಂಡ್ರಿಯಲ್ಲಿ ತಿರಸ್ಕೃತವಾದ ಎರಕ ಯಾವ ಹಂತದಲ್ಲಿ ಕೆಟ್ಟಿತೆಂದು ಹಿಂದಕ್ಕೆ ಹುಡುಕುತ್ತ ಹೋಗುವಂತೆ ಒಂದೊಂದೇ ಅರ್ಜಿಯ ಬೆನ್ನು ಹತ್ತುತ್ತಾರೆ.

ನನ್ನ ತಕರಾರು ಇರುವುದು ಇಲ್ಲಿ. ದಾನದ ಹಣಕ್ಕೆ ನಮ್ಮಲ್ಲಿ ಅಂಥ ಬರವೇನೂ ಇಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ, ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭವಿರುವ ಕಂಪನಿ ಕೂಡ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಆ ಹಣದಲ್ಲಿ ಶಾಲೆಗೆ ನೀರು ಶುದ್ಧೀಕರಣ ಯಂತ್ರ ಬರುತ್ತದೆ, ಉದ್ಘಾಟನೆಯ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ಫಿಲ್ಟರ್ ಬದಲಿಸುವ ದಿನ ಮಾತ್ರ ಯಾರೂ ಬರುವುದಿಲ್ಲ. ಟ್ಯಾಂಕಿನ ಮೇಲೆ ದಾನಿಯ ಹೆಸರು ಮಾಸದೆ ಹೊಳೆಯುತ್ತಿರುತ್ತದೆ. ಕೆಳಗೆ ನಲ್ಲಿಗೆ ಚಿಂದಿ ಸುತ್ತಿರುತ್ತಾರೆ.

ಬೆಳಗಾವಿ ಜಿಲ್ಲೆಗೆ ದಾನ ಹೊಸತಲ್ಲ. ಶಿರಸಂಗಿ ಲಿಂಗರಾಜರು 1906ರಲ್ಲಿ ತೀರಿಕೊಂಡಾಗ ತಮ್ಮ ಸಂಸ್ಥಾನದ ಆಸ್ತಿಯನ್ನೇ ಮಕ್ಕಳ ಓದಿಗೆ ಬರೆದಿಟ್ಟಿದ್ದರು. ಹತ್ತು ವರ್ಷಗಳ ನಂತರ, 1916ರಲ್ಲಿ, ಕೆಎಲ್‌ಇ ಎಂಬ ಶಿಕ್ಷಣ ಸಂಸ್ಥೆ ಕಟ್ಟಿದವರಲ್ಲಿ ಮೇಷ್ಟ್ರುಗಳಿದ್ದರು. ಸಂಸ್ಥಾನವಿಲ್ಲದ ಆ ಮೇಷ್ಟ್ರುಗಳು ಕೊಟ್ಟದ್ದು ತಮ್ಮ ದುಡಿಮೆಯನ್ನು. ನಮ್ಮ ನಿವೃತ್ತ ಅಧಿಕಾರಿಗಳೆಲ್ಲ ಲಿಂಗರಾಜರಾಗಲು ಹೊರಡುತ್ತಾರೆ. ಅಷ್ಟು ಆಸ್ತಿ ಯಾರ ಹತ್ತಿರವೂ ಇಲ್ಲ. ಆದರೆ ಮೂವತ್ತು ವರ್ಷ ಕಡತ ಓದಿ, ಲೆಕ್ಕ ತಾಳೆ ನೋಡಿ, ಬಾಕಿ ಕೆಲಸ ಮುಗಿಯುವವರೆಗೆ ಬಿಡದೆ ಬೆನ್ನು ಹತ್ತಿದ ಅಭ್ಯಾಸ ಇದೆಯಲ್ಲ, ಅದು ಬಡವರ ಮನೆಯಲ್ಲಿ ದುಡ್ಡಿಗಿಂತ ದುರ್ಲಭ. ಅದನ್ನು ಮಾತ್ರ ಯಾರೂ ದಾನ ಮಾಡುವುದಿಲ್ಲ.

ಸಾಹೇಬರು ಸಂತರೇನೂ ಅಲ್ಲ, ಮುಂಗೋಪಿ. ನಿಲಯದ ವಾರ್ಡನ್ನರನ್ನು ತಮ್ಮ ಕೈಕೆಳಗಿನ ಸೂಪರ್‌ವೈಸರ್ ಎಂದೇ ತಿಳಿದು ಗದರುತ್ತಾರೆ. ಅದು ನನಗೆ ಸರಿ ಕಾಣುವುದಿಲ್ಲ, ಹೇಳಿಯೂ ಇದ್ದೇನೆ. ಅವರ ಮನೆಯವರಂತೂ, "ಪಗಾರವಿಲ್ಲದ ನೌಕರಿ ಹಿಡಿದಿದ್ದಾರೆ, ಇದರಲ್ಲಿ ರಜೆಯೂ ಇಲ್ಲ" ಎನ್ನುತ್ತಾರೆ.

ಇದೆಲ್ಲ ಸರ್ಕಾರದ ಕೆಲಸವಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಸರ್ಕಾರದ್ದೇ. ಆದ್ದರಿಂದಲೇ ಸಾಹೇಬರು ಒಂದೇ ಬಗೆಯ ತಪ್ಪುಗಳನ್ನು ಒಟ್ಟುಗೂಡಿಸಿ, ಪಟ್ಟಿ ಮಾಡಿ, ಸಂಬಂಧಪಟ್ಟ ಕಚೇರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳುತ್ತಾರೆ. ಬೆಳಗಿನ ವಾಯುವಿಹಾರ ಮುಗಿಸಿ, ಟಿಳಕವಾಡಿಯಲ್ಲಿ ಚಹಾ ಕುಡಿಯುತ್ತ ಸರ್ಕಾರವನ್ನು ಬೈಯುವವರಿಗೆ ಇದೊಂದು ಕಷ್ಟವೆನಿಸದಿದ್ದರೆ, ಅವರೂ ಬರಬಹುದು.

ಹಿಂದೊಮ್ಮೆ ಇದನ್ನೇ ಚಿಕ್ಕದಾಗಿ ಬರೆದಾಗ ಕರೆ ಮಾಡಿದವರಲ್ಲಿ ಹೆಚ್ಚಿನವರು ಕೇಳಿದ್ದು ದಾನಕ್ಕೆ ಆದಾಯ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ರಸೀದಿ ಸಿಗುತ್ತದೆಯೇ ಎಂದು. ಸಿಗುವುದಿಲ್ಲ. ಇಲ್ಲಿ ಹಣವನ್ನೇ ತೆಗೆದುಕೊಳ್ಳುವುದಿಲ್ಲ. ಬೇಕಾಗಿರುವುದು ಹೊಸ ಅರ್ಜಿಗಳು ಶುರುವಾಗುವ ಹೊತ್ತಿಗೆ ಮಕ್ಕಳ ಜೊತೆ ಬ್ಯಾಂಕಿಗೂ ಆಧಾರ್ ಕೇಂದ್ರಕ್ಕೂ ಹೋಗಿ ಸರದಿಯಲ್ಲಿ ನಿಲ್ಲುವವರು. ಬ್ಯಾಂಕಿನಿಂದ ನಿವೃತ್ತರಾದವರಿದ್ದರೆ ಇನ್ನೂ ಒಳ್ಳೆಯದು. ಬರುವವರು ಇನ್‌ಬಾಕ್ಸ್‌ನಲ್ಲಿ ತಿಳಿಸಿ. ಸಾಹೇಬರು ಗದರುತ್ತಾರೆ ಎಂಬುದನ್ನು ಮೊದಲೇ ಹೇಳಿದ್ದೇನೆ.